ವಿರೋಧದ ಚೌಕ

ಓರಿನ್ ಲಾಡ್ ತಮ್ಮ ಹಳೆಯ ಪಿಕಪ್ ಟ್ರಕ್ಕನ್ನು ಗಂಟೆಗೆ ನಲವತ್ತು ಮೈಲಿಗಿಂತ ಜೋರಾಗಿ ಓಡಿಸಿದ್ದನ್ನು ಕೊರೀನ್ ಬೆಸೆಟ್ ಒಮ್ಮೆಯೂ ಕಂಡಿರಲಿಲ್ಲ. ಈ ದಿನ ರಾಜಧಾನಿಗೆ ಹೋಗುವ ಹೆದ್ದಾರಿಯಲ್ಲೂ ಅವರದು ಅದೇ ನಡಿಗೆ. ಹಿಂದಿನಿಂದ ಬಂದ ಮರದ ದಿಮ್ಮಿಯ ಲಾರಿಗಳು ಹಾರ್ನ್ ಹೊಡೆದು ಹೊಡೆದು ಬೇಸತ್ತು ಪಕ್ಕದಿಂದ ಮುಂದೆ ಹೋಗುತ್ತಿದ್ದವು. ಹೋಗುವಾಗ ಚಕ್ರದಿಂದ ಚಿಮ್ಮಿದ ಕೆಸರು ಬೆರೆತ ಹಿಮ ಗಾಜಿಗೆ ಬಡಿಯುತ್ತಿತ್ತು.

ಕೊರೀನ್ ತೊಡೆಯ ಮೇಲೆ ಒಂದು ಹಾಳೆ ಇಟ್ಟುಕೊಂಡು ತುಟಿ ಅಲ್ಲಾಡಿಸುತ್ತಿದ್ದಳು.

"ಜೋರಾಗಿ ಓದೇ ಹುಡುಗಿ. ನನ್ನ ಮುಂದೇನೇ ಬಾಯಿ ಬಿಡದೆ ಇದ್ರೆ ಅಲ್ಲಿ ಏಳು ಜನ ಸೆನೆಟರುಗಳ ಮುಂದೆ ಏನ್ ಮಾಡ್ತೀಯ?" ಎಂದರು ಓರಿನ್.

"ಅಲ್ಲಿ ಓದ್ತೀನಿ."

"ಹಸುಗಳ ಹತ್ರ ಮಾತ್ರ ಚೆನ್ನಾಗಿ ಮಾತಾಡ್ತೀಯ. ನಾನು ಕೇಳಿಸ್ಕೊಂಡಿದೀನಿ."

"ಹಸುಗಳು ತಿರುಗಿ ಪ್ರಶ್ನೆ ಕೇಳಲ್ಲ."

ಓರಿನ್ ನಕ್ಕರು. ಎಪ್ಪತ್ತೊಂದರ ಆ ಮನುಷ್ಯ ನಾಲ್ಕು ತಿಂಗಳಿಂದ ಅವಳ ಸಾರಥಿ. ಕೊರೀನಳ ಕೆಲಸ ಹಾಲಿನ ಪರೀಕ್ಷೆಯದು. ಹಸು ಸಾಕುವ ಇಪ್ಪತ್ತಾರು ಡೈರಿಗಳಿಗೆ ತಿಂಗಳಿಗೊಮ್ಮೆ ಹೋಗಬೇಕು. ಹಾಲು ಕರೆಯುವ ಯಂತ್ರಕ್ಕೆ ಅಳತೆಯ ಮೀಟರು ಜೋಡಿಸಿ, ಒಂದೊಂದು ಹಸುವಿನ ಹಾಲನ್ನೂ ಹೆಬ್ಬೆರಳಿನಷ್ಟು ದಪ್ಪದ ಶೀಷೆಗೆ ಹಿಡಿದು, ಹಸುವಿನ ಕಿವಿಯ ಬಿಲ್ಲೆಯ ಸಂಖ್ಯೆಯನ್ನು ಶೀಷೆಗೆ ಅಂಟಿಸಿ, ಎಲ್ಲವನ್ನೂ ಊರಿನ ಪ್ರಯೋಗಾಲಯಕ್ಕೆ ತಂದು ಒಪ್ಪಿಸಬೇಕು. ಡೈರಿಗಳು ಬೆಟ್ಟದ ಈ ಮಗ್ಗುಲಿಗೊಂದು ಆ ಮಗ್ಗುಲಿಗೊಂದು. ಬಸ್ಸು ಆ ಕಡೆ ತಲೆಹಾಕುವುದಿಲ್ಲ. ಕಾರಿಲ್ಲದೆ ಆ ಕೆಲಸವೇ ಇಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಚಿಕ್ಕಪ್ಪನ ಮಗಳ ಹುಟ್ಟುಹಬ್ಬಕ್ಕೆಂದು ಕೊರೀನ್ ನದಿಯ ದಡಕ್ಕೆ ಹೋಗಿದ್ದಳು. ನಡೆದುಕೊಂಡೇ ಹೋಗಿದ್ದಳು. ಯಾರೋ ಕೊಟ್ಟ ಗಾಂಜಾ ಸಿಗರೇಟನ್ನು ಅರ್ಧ ಸೇದಿ, ಉಳಿದದ್ದನ್ನು ಬಿಸಾಡಲು ಸಂಕೋಚವಾಗಿ ಜಾಕೀಟಿನ ಜೇಬಿಗೆ ಹಾಕಿಕೊಂಡಿದ್ದಳು. ಸಂಜೆ ಗಸ್ತಿನವರು ಬಂದು ಎಲ್ಲರ ಜೇಬು ತಡಕಿದರು. ನ್ಯಾಯಾಧೀಶರು ಸಣ್ಣ ದಂಡ ಹಾಕಿ, ಆಮೇಲೆ ತಲೆ ಎತ್ತದೆಯೇ, "ಡ್ರೈವಿಂಗ್ ಲೈಸೆನ್ಸು ಆರು ತಿಂಗಳು ಅಮಾನತು," ಎಂದಿದ್ದರು. ತಾನು ಕಾರಿನಲ್ಲೇ ಇರಲಿಲ್ಲ ಎಂದು ಕೊರೀನ್ ಹೇಳಬೇಕೆಂದುಕೊಂಡಳು. ಬಾಯಿ ಬರಲಿಲ್ಲ. ಅಕ್ಟೋಬರ್ ಹತ್ತೊಂಬತ್ತಕ್ಕೆ ಲೈಸೆನ್ಸು ಹೋಯಿತು.

ಪಕ್ಕದ ಮನೆಯ ಓರಿನ್ ತಾವಾಗಿಯೇ ಬಂದು, "ನಾನು ಸುಮ್ನೆ ಕೂತಿರೋನು, ಕರ್ಕೊಂಡು ಹೋಗ್ತೀನಿ," ಎಂದಿದ್ದರು. ಆದರೆ ಮಾರ್ಚ್ ಮೂರಕ್ಕೆ ಅವರ ಎರಡೂ ಕಣ್ಣಿನ ಪೊರೆ ತೆಗೆಸುವ ಸರದಿ ಶುರುವಾಗುತ್ತಿತ್ತು. ಅದು ಮುಗಿಯುವವರೆಗೆ ಗಾಡಿ ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರು. ಅವಳು ದುಡಿಯುತ್ತಿದ್ದ ಹಾಲು ಪರೀಕ್ಷಾ ಸಂಘದ ಮೇಲ್ವಿಚಾರಕಿ ಮಿಸೆಸ್ ಗಾಡೆಟ್ ಕೂಡ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಮಾರ್ಚ್ ಒಂದರಿಂದ ನೀನು ನಿನ್ನ ರೂಟಿಗೆ ಹೋಗಲಾಗದಿದ್ದರೆ ರೂಟು ಬೇರೆಯವರಿಗೆ, ಅದರ ಜೊತೆಗೆ ಕೆಲಸವೂ. ಇಂದು ಫೆಬ್ರವರಿ ಆರು.

ಹೀಗಿರುವಾಗ ಸಂಘದ ಸೂಚನಾ ಫಲಕದ ಪಕ್ಕ ಯಾರೋ ಒಂದು ಕಾಗದ ಅಂಟಿಸಿದ್ದರು. ಮಾದಕ ವಸ್ತುವಿನ ಯಾವ ತಪ್ಪಿಗೂ ಲೈಸೆನ್ಸು ಕಿತ್ತುಕೊಳ್ಳಬೇಕೆಂಬ ಕಾನೂನನ್ನು ತೆಗೆದುಹಾಕಲು ರಾಜ್ಯದ ಸೆನೆಟ್ ಸಮಿತಿ ವಿಚಾರಣೆ ನಡೆಸುತ್ತದೆ, ತೊಂದರೆಗೊಳಗಾದವರು ಬಂದು ಮಾತನಾಡಬಹುದು ಎಂದು ಅದರಲ್ಲಿತ್ತು.

"ನನಗೊಂದು ಅರ್ಥ ಆಗಲ್ಲ," ಎಂದರು ಓರಿನ್. "ಕಾನೂನು ನಮ್ಮದು. ತೆಗೆದು ಹಾಕೋಕೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದವರನ್ನ ಯಾಕೆ ಕೇಳ್ಬೇಕು?"

"ಕೇಳೋದಲ್ಲ, ಹೇಳೋದು. ಲೈಸೆನ್ಸು ಕಿತ್ಕೊಳ್ಳಿ, ಇಲ್ಲಾಂದ್ರೆ ರಸ್ತೆಗೆ ಕೊಡೋ ದುಡ್ಡಲ್ಲಿ ಕಡಿತ ಮಾಡ್ತೀವಿ ಅಂತ ಅವ್ರು ಎಲ್ಲಾ ರಾಜ್ಯಕ್ಕೂ ಹೇಳಿದಾರೆ. ಆದ್ರೆ ಅದೇ ಕಾನೂನಲ್ಲೇ ಒಂದು ದಾರಿನೂ ಇದೆ. ನಮ್ಮ ರಾಜ್ಯದ ಎರಡೂ ಸಭೆ ಸೇರಿ 'ನಾವು ಇದನ್ನ ವಿರೋಧಿಸ್ತೀವಿ' ಅಂತ ಗೊತ್ತುವಳಿ ಮಾಡಿ, ಗವರ್ನರ್ ಒಂದು ಪತ್ರ ಬರೆದ್ರೆ ದುಡ್ಡು ನಿಲ್ಲಲ್ಲ."

"ಅಷ್ಟೇನಾ? ಒಂದು ಮಾತು?"

"ಒಂದೇ ಮಾತು. ವಿರೋಧಿಸ್ತೀವಿ ಅಂತ."

"ಬೆಳಿಗ್ಗೆಯಿಂದ ನೀನು ಇಷ್ಟು ಮಾತಾಡಿದ್ದೇ ಜಾಸ್ತಿ," ಎಂದು ಓರಿನ್ ಹುಬ್ಬೇರಿಸಿದರು. "ಅಲ್ಲೂ ಇದನ್ನೇ ಹೇಳು, ಹಾಳೆ ಬಿಸಾಕು."

ಶಾಸನಭವನದ ಎರಡನೆಯ ಮಹಡಿಯ ಕಾರಿಡಾರಿನಲ್ಲಿ ಒದ್ದೆ ಬೂಟುಗಳ ವಾಸನೆ. ಕೋಣೆಯ ಬಾಗಿಲ ಬಳಿ ಮೇಜು, ಮೇಜಿನ ಮೇಲೆ ಹಳದಿ ಚೀಟಿಗಳ ಕಟ್ಟು, ದಾರ ಕಟ್ಟಿದ ಪೆನ್ನು. ಮಾತನಾಡುವವರೂ ಸುಮ್ಮನೆ ಅಭಿಪ್ರಾಯ ತಿಳಿಸುವವರೂ ಚೀಟಿ ತುಂಬಿ ಪೆಟ್ಟಿಗೆಗೆ ಹಾಕಬೇಕು. ಹೆಸರು, ಊರು, ಕೆಳಗೆ ಎರಡು ಚೌಕ. ಒಂದರ ಮುಂದೆ 'ಪರ', ಇನ್ನೊಂದರ ಮುಂದೆ 'ವಿರೋಧ'.

ಕೊರೀನ್ ಪೆನ್ನು ಹಿಡಿದು ಕ್ಷಣ ಯೋಚಿಸಿದಳು. ಅವಳು ಬಂದದ್ದು ವಿರೋಧಿಸಲು. ನಾಲ್ಕು ತಿಂಗಳಿಂದ ಮನಸ್ಸಿನಲ್ಲಿ ಅದೊಂದನ್ನೇ ಮಾಡಿದ್ದಳು. ವಿರೋಧದ ಚೌಕದಲ್ಲಿ ಗುರುತು ಹಾಕಿದಳು. ಕಾಗದ ಹರಿಯುವಷ್ಟು ಒತ್ತಿ ಹಾಕಿದಳು.

"ನನಗೂ ಒಂದು ಹಾಕು, ಕನ್ನಡಕ ಟ್ರಕ್ಕಲ್ಲೇ ಬಿಟ್ಟೆ," ಎಂದರು ಓರಿನ್. "ಮಾತಾಡಲ್ಲ ಅಂತ ಬರಿ. ಉಳಿದಿದ್ದೆಲ್ಲ ನಿನ್ನ ಚೀಟಿ ಹಾಗೇ."

ಅವರಿಗೂ ವಿರೋಧದ ಚೌಕವೇ. ಹಿಂದೆ ಸರತಿಯಲ್ಲಿದ್ದ ದಪ್ಪ ಸ್ವೆಟರಿನ ಹೆಂಗಸು ಅವಳ ಭುಜದ ಮೇಲಿಂದ ಇಣುಕಿ ನೋಡಿ, "ಹಾಂ, ವಿರೋಧ," ಎಂದು ತನ್ನ ಹಿಂದಿನವನಿಗೆ ಹೇಳಿದಳು. ಅವನು ತನ್ನ ಹಿಂದಿನವನಿಗೆ ಹೇಳಿದ.

ಒಳಗೆ ಏಳು ಜನ ಅರ್ಧಚಂದ್ರದಂತೆ ಕುಳಿತಿದ್ದರು. ನಡುವೆ ಅಧ್ಯಕ್ಷೆ ಸೆನೆಟರ್ ವಿನಿಫ್ರೆಡ್ ಸ್ಟ್ರೌಡ್. ಬಿಳಿ ಕೂದಲು, ಮೂಗಿನ ತುದಿಗೆ ಕನ್ನಡಕ. ಗೊತ್ತುವಳಿ ತಂದವರು ಅವರೇ. ಬಲತುದಿಯಲ್ಲಿ ಸೆನೆಟರ್ ಪರ್ಲಿ ಹ್ಯಾಸ್ಕೆಲ್. ಅವರನ್ನು ಕೊರೀನ್ ದೂರದಿಂದ ಬಲ್ಲಳು. ಪಕ್ಕದ ಕೌಂಟಿಯಲ್ಲಿ ನೂರಿಪ್ಪತ್ತು ಜೆರ್ಸಿ ಹಸು ಸಾಕಿದವರು. ಇವತ್ತು ಮೂವರು ಈ ಕಡೆ, ಮೂವರು ಆ ಕಡೆ, ಹ್ಯಾಸ್ಕೆಲ್ ಯಾವ ಕಡೆಯೆಂದು ಹ್ಯಾಸ್ಕೆಲ್‌ಗೇ ಗೊತ್ತಿಲ್ಲ ಎಂದು ಕಾರಿಡಾರಿನಲ್ಲಿ ಜನ ಆಡಿಕೊಳ್ಳುತ್ತಿದ್ದರು.

ಅಧ್ಯಕ್ಷೆ ಗೊತ್ತುವಳಿ ಓದಿದರು. ಲೈಸೆನ್ಸು ಅಮಾನತು ಮಾಡಲೇಬೇಕೆಂಬ ಒಕ್ಕೂಟ ಸರ್ಕಾರದ ಒತ್ತಾಯವನ್ನು ಈ ರಾಜ್ಯ ವಿರೋಧಿಸುತ್ತದೆ ಎಂಬುದು ಅದರ ಸಾರ. ಆಮೇಲೆ ಗುಮಾಸ್ತೆ ಎದ್ದು ಚೀಟಿಗಳ ಲೆಕ್ಕ ಹೇಳಿದಳು.

"ಗೊತ್ತುವಳಿಯ ಪರ, ಐದು. ಗೊತ್ತುವಳಿಗೆ ವಿರೋಧ, ಹದಿನೇಳು."

ಕೊರೀನ್ ಆ ಮಾತನ್ನು ಮನಸ್ಸಿನಲ್ಲೇ ತಿರುಗಿ ಹೇಳಿಕೊಂಡಳು. ಗೊತ್ತುವಳಿಗೆ ವಿರೋಧ. ವಿರೋಧಕ್ಕೆ ವಿರೋಧ. ಬೆರಳುಗಳು ತಾವಾಗಿಯೇ ಹಾಳೆಯನ್ನು ಮಡಚತೊಡಗಿದವು.

ಓರಿನ್ ಕಿವಿಯ ಹತ್ತಿರ ಬಗ್ಗಿದರು. "ಏನಂದ್ಲು?"

"ತಪ್ಪು ಚೌಕಕ್ಕೆ ಹಾಕಿಬಿಟ್ಟೆ. ಇಬ್ಬರದೂ."

ಅರ್ಥವಾಗಲು ಓರಿನ್‌ಗೆ ಕ್ಷಣ ಹಿಡಿಯಿತು. "ಅಂದ್ರೆ ನಾವು ಲೈಸೆನ್ಸು ಕಿತ್ಕೋಬೇಕು ಅನ್ನೋ ಪೊಲೀಸರ, ಷೆರಿಫ್‌ಗಳ ಪಕ್ಷ ಸೇರ್ಕೊಂಡ್ವಿ!"

ಸೆನೆಟರ್ ಹ್ಯಾಸ್ಕೆಲ್ ಕುರ್ಚಿಗೆ ಒರಗಿದರು. "ಅಧ್ಯಕ್ಷರೇ, ನಾನೊಂದು ಮಾತು ಹೇಳ್ತೀನಿ. ಇವತ್ತು ಜನ ತುಂಬಿಬಿಡ್ತಾರೆ, ಲೈಸೆನ್ಸು ಹೋಗಿ ಅವರು ಪಡೋ ಪಾಡು ಕೇಳಿ ಅಂತ ನೀವು ಹೇಳಿದ್ರಿ. ಹದಿನೇಳು ಜನ ಬೇಡ ಅಂತಿದಾರಲ್ಲ? ಜನಕ್ಕೇ ಬೇಡವಾದದ್ದಕ್ಕೆ ನಾವು ವಾಷಿಂಗ್ಟನ್ನಿನ ಜೊತೆ ಕಾಲು ಕೆದರಿ ಜಗಳ ಆಡೋದು ಯಾಕೆ?"

ಅಧ್ಯಕ್ಷೆ ಚೀಟಿಗಳ ಕಟ್ಟನ್ನೇ ನೋಡುತ್ತಿದ್ದರು.

ಪರ ಇದ್ದವರನ್ನು ಮೊದಲು ಕರೆದರು. ಒಬ್ಬ ವಕೀಲ, ಒಬ್ಬ ಪಾದ್ರಿ, ಕಾಲೇಜಿನ ಮೇಷ್ಟ್ರು ಒಬ್ಬರು. ಚೆನ್ನಾಗಿಯೇ ಮಾತನಾಡಿದರು, ಆದರೆ ಲೈಸೆನ್ಸು ಕಳೆದುಕೊಂಡವರು ಅವರಲ್ಲಿ ಒಬ್ಬರೂ ಇರಲಿಲ್ಲ. ಕೊರೀನ್ ಕೋಣೆಯ ಸುತ್ತ ನೋಡಿದಳು. ಸ್ವೆಟರಿನ ಹೆಂಗಸು ಬೆರಳು ಕಚ್ಚಿಕೊಂಡು ಕುಳಿತಿದ್ದಳು. ಅವಳ ಹಿಂದಿನವನು ನೆಲ ನೋಡುತ್ತಿದ್ದ. ಎಲ್ಲರಿಗೂ ಗೊತ್ತಾಗಿತ್ತು, ಯಾರಿಗೂ ಬಾಯಿ ಬರುತ್ತಿರಲಿಲ್ಲ. ಹೊಣೆ ಯಾರದೆಂಬುದು ಕೊರೀನ್‌ಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಗುರುತು ಹಾಕಿದವಳು ಅವಳೇ.

ವಿರೋಧದವರ ಸರದಿ ಬಂತು. ಮೊದಲಿಗೆ ನಿವೃತ್ತ ಷೆರಿಫ್ ಕ್ಲೆಮನ್ಸ್. ಎತ್ತರದ, ಮೆದುಮಾತಿನ ಮನುಷ್ಯ. "ನಾನು ಯಾರ ಮೇಲೂ ಸಿಟ್ಟಿಟ್ಕೊಂಡು ಬಂದಿಲ್ಲ," ಎಂದು ಶುರುಮಾಡಿದರು. "ಹದಿನೆಂಟರ ಹುಡುಗರಿಗೆ ಜೈಲಿನ ಭಯ ಇಲ್ಲ. ಕಾರಿನ ಕೀಲಿ ಹೋಗುತ್ತೆ ಅಂದ್ರೆ ಭಯ ಇದೆ. ಆ ಒಂದು ಭಯಾನೂ ತೆಗೀಬೇಡಿ. ನನ್ನ ಜೊತೆ ಇಷ್ಟು ಜನ ಇದಾರೆ ಅಂತ ಗೊತ್ತಿರಲಿಲ್ಲ, ಖುಷಿ ಆಯ್ತು." ಹ್ಯಾಸ್ಕೆಲ್ ತಲೆಯಾಡಿಸಿದರು.

ಉಳಿದವರನ್ನು ಅಕ್ಷರಮಾಲೆಯ ಪ್ರಕಾರ ಕರೆಯುವ ಪದ್ಧತಿ.

"ಕೊರೀನ್ ಬೆಸೆಟ್. ವಿರೋಧ."

ಅವಳು ಎದ್ದಳು. ಮೇಜಿನವರೆಗೆ ಹನ್ನೆರಡು ಹೆಜ್ಜೆ. ಕೈಯಲ್ಲಿದ್ದ ಹಾಳೆ ಎಂಟು ಮಡಿಕೆಯಾಗಿತ್ತು. ಬಿಡಿಸಿ ನೋಡಿದರೆ ಅದರಲ್ಲಿ ಈಗ ಹೇಳಬೇಕಾದ ಮಾತು ಒಂದೂ ಇರಲಿಲ್ಲ.

"ಮೂರು ನಿಮಿಷ ಇದೆಯಮ್ಮ," ಎಂದರು ಅಧ್ಯಕ್ಷೆ.

"ನಾನು ವಿರೋಧ ಅಲ್ಲ," ಎಂದಳು ಕೊರೀನ್. ಧ್ವನಿ ಅವಳಿಗೇ ಕೇಳಿಸಲಿಲ್ಲ.

"ಮೈಕಿಗೆ ಹೇಳಿ."

"ನಾನು ವಿರೋಧ ಅಲ್ಲ. ಅಂದ್ರೆ, ವಿರೋಧಾನೇ. ನೀವು ಏನನ್ನ ವಿರೋಧಿಸ್ತೀರೋ ನಾನೂ ಅದನ್ನೇ ವಿರೋಧಿಸ್ತೀನಿ. ಅದಕ್ಕೇ ವಿರೋಧ ಅಂತ ಹಾಕ್ದೆ."

ಕೋಣೆಯಲ್ಲಿ ಒಂದು ನಗು ಎದ್ದು ಅಡಗಿತು. ಹ್ಯಾಸ್ಕೆಲ್ ಮುಂದಕ್ಕೆ ಬಾಗಿದರು. "ಹಾಗಾದ್ರೆ ನೀವು ಯಾವ ಕಡೆ?"

"ಅಧ್ಯಕ್ಷರ ಕಡೆ. ನನ್ನ ಹಿಂದೆ ಸರತೀಲಿ ನಿಂತಿದ್ದವರು ನನ್ನ ಚೀಟಿ ನೋಡಿ ಬರ್ಕೊಂಡ್ರು ಅನ್ಸುತ್ತೆ. ತಪ್ಪು ನಂದು. ಈ ಹದಿನೇಳು ಅನ್ನೋದು ಹದಿನೇಳಲ್ಲ."

"ಎಷ್ಟು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ."

ಅಧ್ಯಕ್ಷೆ ಕನ್ನಡಕ ತೆಗೆದರು. "ನೋಡಮ್ಮ, ಕೊಟ್ಟ ಚೀಟಿಯನ್ನ ಇವರ ಮನಸ್ಸಲ್ಲಿ ಹೀಗಿತ್ತು ಅಂತ ಊಹೆ ಮಾಡಿ ನಾನು ತಿದ್ದೋ ಹಾಗಿಲ್ಲ. ಅದೂ ನಾನೇ ತಂದಿರೋ ಗೊತ್ತುವಳಿ."

"ಊಹೆ ಬೇಡ," ಎಂದಳು ಕೊರೀನ್. ಇಷ್ಟು ಹೊತ್ತಿಗೆ ಅವಳ ಕಣ್ಣಮುಂದೆ ಸೆನೆಟರುಗಳ ಬದಲು ಶೀಷೆಗಳ ತಟ್ಟೆ ಬಂದಿತ್ತು. "ನಾನು ಹಾಲು ಪರೀಕ್ಷೆ ಮಾಡೋಳು. ಒಂದೊಂದ್ಸಲ ಶೀಷೆಯ ಸಂಖ್ಯೆ ಮೇಲೆ ಅನುಮಾನ ಬರುತ್ತೆ. ಇಪ್ಪತ್ಮೂರನೇ ಹಸು ಅಷ್ಟು ಹಾಲು ಕೊಡಲ್ವಲ್ಲ ಅಂತ. ಆಗ ನಾವು ಸಂಖ್ಯೆ ತಿದ್ದಲ್ಲ. ಹಸು ಇನ್ನೂ ಕೊಟ್ಟಿಗೇಲಿದ್ರೆ ವಾಪಸ್ ಹೋಗಿ ಕಿವಿ ಬಿಲ್ಲೆ ನೋಡ್ತೀವಿ." ಅವಳು ಹಿಂದಕ್ಕೆ ತಿರುಗಿ ಬೆಂಚುಗಳತ್ತ ಕೈ ತೋರಿದಳು. "ಇವರೆಲ್ಲ ಇನ್ನೂ ಇಲ್ಲೇ ಇದಾರೆ."

"ನಮ್ಮನ್ನ ಹಸು ಅಂದುಬಿಟ್ಲಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು. ಈ ಸಲದ ನಗು ದೊಡ್ಡದಾಗಿತ್ತು. ಷೆರಿಫ್ ಕ್ಲೆಮನ್ಸ್ ಕೂಡ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಹ್ಯಾಸ್ಕೆಲ್.

ಅಧ್ಯಕ್ಷೆ ಗುಮಾಸ್ತೆಯ ಕಿವಿಯಲ್ಲಿ ಏನೋ ಕೇಳಿದರು. ಗುಮಾಸ್ತೆ ನಿಯಮದ ಪುಸ್ತಕ ತಿರುವಿ ಹೂಂ ಎಂದಳು. ಆಮೇಲೆ ಹದಿನೇಳು ಚೀಟಿಗಳನ್ನೂ ಒಂದೊಂದಾಗಿ ಕೂಗಲಾಯಿತು. ಹೆಸರಿನವರು ಎದ್ದು ನಿಂತು ಬಾಯಿಬಿಟ್ಟು ಹೇಳಬೇಕು: ಗೊತ್ತುವಳಿ ಬೇಕೋ ಬೇಡವೋ. ಬೇಕು, ಬೇಕು, ಬೇಕು. ಓರಿನ್ ಎದ್ದು, "ಬೇಕು. ನನ್ನ ಚೀಟೀನೂ ಈ ಹುಡುಗೀನೇ ಕೆಡಿಸಿದ್ದು," ಎಂದರು. ಬೇಡ ಎಂದವರು ಕೊನೆಗೆ ಇಬ್ಬರು: ಕ್ಲೆಮನ್ಸ್, ಮತ್ತು ಅವರ ಜೊತೆ ಬಂದಿದ್ದ ಮುದುಕ.

ಹದಿನೇಳನೆಯದು ಕೊರೀನಳ ಚೀಟಿ. ಅಕ್ಷರಮಾಲೆಯಲ್ಲಿ ಮುಂದಿದ್ದರೂ ಅವಳು ಮೇಜಿನ ಮುಂದೆಯೇ ನಿಂತಿದ್ದಾಳೆಂದು ಗುಮಾಸ್ತೆ ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅದನ್ನು ಕೂಗುವ ಮೊದಲು ಹ್ಯಾಸ್ಕೆಲ್ ಕೈ ಎತ್ತಿದರು.

"ಒಂದು ಪ್ರಶ್ನೆ. ನಿಮ್ಮ ರೂಟಲ್ಲಿ ಎಷ್ಟು ಡೈರಿ?"

"ಇಪ್ಪತ್ತಾರು."

"ಲೈಸೆನ್ಸಿಲ್ದೆ ಹೇಗೆ ಹೋಗ್ತೀರಿ?"

"ಓರಿನ್ ಕರ್ಕೊಂಡು ಹೋಗ್ತಾರೆ. ಈ ತಿಂಗಳ ಕೊನೇವರೆಗೆ. ಆಮೇಲೆ ಕೆಲಸ ಇಲ್ಲ."

"ನಿಮ್ಮ ಅಮಾನತು ಮುಗಿಯೋದು ಯಾವಾಗ?"

"ಏಪ್ರಿಲ್ ಹತ್ತೊಂಬತ್ತು."

ಹ್ಯಾಸ್ಕೆಲ್ ಮುಂದಿದ್ದ ಕಾಗದವನ್ನು ಎರಡು ಸಲ ತಿರುವಿದರು. ಅವರ ಮುಖ ಸಪ್ಪಗಾಯಿತು. "ಇದನ್ನ ನಿಮಗೆ ಯಾರಾದ್ರೂ ಹೇಳಿದಾರಾ? ಗೊತ್ತುವಳಿ ಪಾಸಾದ್ರೂ ಕಾನೂನು ಬದಲಾಗೋದು ಜುಲೈ ಒಂದಕ್ಕೆ. ಈಗಾಗ್ಲೇ ಅಮಾನತಲ್ಲಿರೋರಿಗೆ ಅದು ತಾಕಲ್ಲ. ನಿಮಗಂತೂ ಏನೂ ಸಿಗಲ್ಲ."

ಯಾರೂ ಹೇಳಿರಲಿಲ್ಲ. ಕೊರೀನ್ ಅಧ್ಯಕ್ಷೆಯ ಕಡೆ ನೋಡಿದಳು. ಅವರು ಮೆಲ್ಲನೆ ತಲೆಯಾಡಿಸಿದರು. "ನಿಜ ಅಮ್ಮ. ಹಿಂದಿನವರನ್ನೂ ಸೇರಿಸ್ಬೇಕು ಅಂತ ಪ್ರಯತ್ನಪಟ್ಟೆ. ಮತ ಸಾಕಾಗ್ಲಿಲ್ಲ."

ಮೈಕಿನ ಕಂಬವನ್ನು ಕೊರೀನ್ ಹಿಡಿದುಕೊಂಡಿದ್ದಳು. ಅದು ತಣ್ಣಗಿತ್ತು. ಎರಡು ವಾರದಿಂದ ದಿನಾ ಮಲಗುವ ಮೊದಲು ಲೈಸೆನ್ಸು ಅಂಚೆಯಲ್ಲಿ ಬರುವುದನ್ನು, ಲಕೋಟೆ ಒಡೆಯುವುದನ್ನು ಅವಳು ಮನಸ್ಸಿನಲ್ಲಿ ನೋಡಿಕೊಂಡಿದ್ದಳು. ಅದೆಲ್ಲ ಈಗ ಎಲ್ಲೂ ಇರಲಿಲ್ಲ. ಆದರೆ ಕೂಗಾಡಬೇಕೆಂದಾಗಲಿ ಅಳಬೇಕೆಂದಾಗಲಿ ಅನ್ನಿಸಲಿಲ್ಲ. ಹಾಳೆಯನ್ನು ಜೇಬಿಗೆ ಹಾಕಿಕೊಂಡಳು, ಅಷ್ಟೇ.

"ನಿಮ್ಮ ಚೀಟಿ ಇನ್ನೂ ಬರ್ಕೊಂಡಿಲ್ಲ," ಎಂದಳು ಗುಮಾಸ್ತೆ. "ಏನಂತ ಬರೀಲಿ?"

"ಪರ ಅಂತ."

"ಗೊತ್ತಾದ ಮೇಲೂ?" ಎಂದರು ಹ್ಯಾಸ್ಕೆಲ್. ಕೆಣಕುವ ಧ್ವನಿಯಲ್ಲ, ತಿಳಿಯಲೆಂದೇ ಕೇಳಿದಂತಿತ್ತು.

"ನನಗೆ ಏನು ಸಿಗುತ್ತೆ ಅಂತ ಚೀಟೀಲಿ ಕೇಳಿಲ್ಲ," ಎಂದಳು ಕೊರೀನ್. ಆಮೇಲೆ, "ನಾನು ಆವತ್ತು ನಡ್ಕೊಂಡು ಹೋಗಿದ್ದೆ. ಕೋರ್ಟಲ್ಲಿ ಇದನ್ನ ಹೇಳೋಕೆ ಆಗಿರ್ಲಿಲ್ಲ. ನಾನು ಕಾರಲ್ಲಿ ಇರ್ಲಿಲ್ಲ," ಎಂದಳು.

ಮೂರು ನಿಮಿಷ ಯಾವಾಗಲೋ ಮುಗಿದಿತ್ತು. ಯಾರೂ ಗಂಟೆ ಬಾರಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮತ ಹಾಕಿದರು. ನಾಲ್ಕು–ಮೂರು. ಗೊತ್ತುವಳಿ ಮುಂದಿನ ಹಂತಕ್ಕೆ ಹೋಯಿತು. ಹ್ಯಾಸ್ಕೆಲ್ ತಮ್ಮ ಸರದಿ ಬಂದಾಗ ಯಾರ ಮುಖವನ್ನೂ ನೋಡದೆ "ಹೌದು" ಎಂದು ಗೊಣಗಿ, ಹಾಲು ಕರೆಯುವ ಹೊತ್ತಾಗುತ್ತದೆಂದು ಕೋಟು ಎತ್ತಿಕೊಂಡು ಹೊರಟುಬಿಟ್ಟರು. ಸ್ವೆಟರಿನ ಹೆಂಗಸು ಕಾರಿಡಾರಿನಲ್ಲಿ ಕೊರೀನಳನ್ನು ಹಿಡಿದು ನಿಲ್ಲಿಸಿದಳು. "ನನ್ನ ಮಗನ ಕೇಸು ಆಗಸ್ಟಿಗೆ ಬರುತ್ತೆ, ಜುಲೈ ಆದ್ಮೇಲೆ," ಎಂದಳು. ಆಮೇಲೆ ಕೊರೀನಳ ಮಡಿಕೆ ಬಿದ್ದ ಕಾಲರನ್ನು ಸರಿಮಾಡಿ ಹೋದಳು.

ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಬಟಾಣಿ ಸೂಪು ಕುಡಿದರು. ಓರಿನ್ ಸೂಪಿಗೆ ಬ್ರೆಡ್ಡು ಅದ್ದುತ್ತಾ ಕೊನೆಗೆ, "ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ಮೇ ತಿಂಗಳಿಗೆ ಹಾಕಿ ಅಂತೀನಿ," ಎಂದರು.

"ಬೇಡ. ಇವತ್ತು ಬಲಗಡೆ ಬಂದ ಲಾರಿ ನಿಮಗೆ ಕಾಣಲೇ ಇಲ್ಲ."

"ಕಾಣ್ತು."

"ನಾನು ಕೂಗಿದ ಮೇಲೆ ಕಾಣ್ತು."

ಓರಿನ್ ಬ್ರೆಡ್ಡು ತಿಂದರು.

ಊರು ಸೇರಿದಾಗ ನಾಲ್ಕು ಗಂಟೆ. "ಮನೆಗೆ ತಾನೇ?" ಎಂದು ಓರಿನ್ ಕೇಳಿದರು. ಕೊರೀನ್ ಕಿಟಕಿಯ ಆಚೆ ನೋಡುತ್ತಿದ್ದವಳು, "ಸಂಘದ ಹತ್ರ ನಿಲ್ಸಿ, ಹತ್ತು ನಿಮಿಷ," ಎಂದಳು.

ಮಿಸೆಸ್ ಗಾಡೆಟ್ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಶೀಷೆಗಳ ತಟ್ಟೆ ಜೋಡಿಸುತ್ತಿದ್ದರು. ತಲೆ ಎತ್ತದೆ, "ಏನಾಯ್ತು ನಿನ್ನ ಸೆನೆಟು?" ಎಂದರು.

"ಸಮಿತೀಲಿ ಪಾಸಾಯ್ತು. ಆದ್ರೆ ನನಗೆ ಅನ್ವಯ ಆಗಲ್ಲ. ಏಪ್ರಿಲ್ ಹತ್ತೊಂಬತ್ತರವರೆಗೆ ನಾನು ಗಾಡಿ ಓಡಿಸೋ ಹಾಗಿಲ್ಲ."

"ಛೆ." ಗಾಡೆಟ್ ತಟ್ಟೆ ಕೆಳಗಿಟ್ಟರು. "ನಾನು ಹೇಳಿದ್ದು ಗೊತ್ತಲ್ಲ. ನನಗೂ ಬೇರೆ ದಾರಿ ಇಲ್ಲ."

"ಗೊತ್ತು. ಅದಕ್ಕೇ ಬಂದೆ. ಅಲ್ಲೀವರೆಗೆ ನನ್ನನ್ನ ಇಲ್ಲಿ ಹಾಕ್ಕೊಳ್ಳಿ. ಒಳಗೆ. ಶೀಷೆ ಕೆಲಸಕ್ಕೆ. ನನ್ನ ಮನೆಯಿಂದ ನಾಲ್ಕು ಬೀದಿ."

ಗಾಡೆಟ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಮೂರು ವರ್ಷದಲ್ಲಿ ಈ ಹುಡುಗಿ ಇಷ್ಟು ಉದ್ದದ ಮಾತನ್ನು ತಮ್ಮ ಮುಂದೆ ಆಡಿದ್ದು ಅವರಿಗೆ ನೆನಪಿರಲಿಲ್ಲ. "ಒಂದು ಜಾಗ ಖಾಲಿ ಬಿದ್ದು ಎರಡು ತಿಂಗಳಾಯ್ತು. ನೀನು ಕೇಳ್ತೀಯೇನೋ ಅಂತ ನೋಡ್ದೆ. ಕೇಳ್ಲಿಲ್ಲ. ನಿಂತು ಮಾಡೋ ಕೆಲಸ ಇಷ್ಟ ಇಲ್ವೇನೋ ಅಂದ್ಕೊಂಡೆ."

"ಹೈಸ್ಕೂಲ್ ಮುಗಿಸಿರಬೇಕು ಅಂತ ಫಲಕದಲ್ಲಿ ಬರೆದಿತ್ತು. ನಾನು ಮುಗಿಸಿಲ್ಲ."

"ಅದು ಕಾಯಂ ಕೆಲಸಕ್ಕೆ ಕಣೇ! ಹಂಗಾಮಿಗೆ ಯಾರು ಕೇಳ್ತಾರೆ? ನೀನಾದ್ರೂ ಒಂದು ಮಾತು ಕೇಳಬಾರದಾ?"

"ಈಗ ಕೇಳ್ತಿದೀನಲ್ಲ."

ಗಾಡೆಟ್‌ಗೆ ನಗು ಬಂತು. ಅದನ್ನು ತಡೆದುಕೊಂಡು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. "ಸೋಮವಾರ ಬೆಳಿಗ್ಗೆ ಏಳಕ್ಕೆ ಬಾ. ಕೂದಲು ಬಿಗಿಯಾಗಿ ಕಟ್ಕೊಂಡು ಬಾ. ಈ ತಿಂಗಳ ಉಳಿದ ಡೈರಿಗಳಿಗೆ ಬೇರೆಯವರನ್ನ ಕಳಿಸ್ತೀನಿ. ಆದ್ರೆ ನಿನ್ನ ರೂಟು ವಾಪಸ್ ಕೊಡ್ತೀನಿ ಅಂತ ನಾನು ಮಾತು ಕೊಟ್ಟಿಲ್ಲ. ಹೊಸಬರು ಚೆನ್ನಾಗಿ ಮಾಡಿದ್ರೆ ಅವರನ್ನ ತೆಗೆಯೋಕಾಗಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು. ಏಪ್ರಿಲ್ ಇಪ್ಪತ್ತಕ್ಕೆ ಮತ್ತೆ ಬಂದು ಕೇಳ್ತೀನಿ."

"ಕೇಳು. ಕೇಳೋಕೇನು."

ಹೊರಗೆ ಓರಿನ್ ಎಂಜಿನ್ ಆರಿಸದೆ, ಕೈಗವಸಿನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಯುತ್ತಿದ್ದರು. ಕೊರೀನ್ ಹತ್ತಿ ಕುಳಿತು ಬಾಗಿಲನ್ನು ಎರಡು ಸಲ ಎಳೆದುಕೊಂಡಳು. ಒಂದೇ ಸಲಕ್ಕೆ ಅದು ಮುಚ್ಚುತ್ತಿರಲಿಲ್ಲ.

"ಏನಂದ್ಲು?"

"ಸೋಮವಾರದಿಂದ ನೀವು ನನ್ನ ಕರ್ಕೊಂಡು ತಿರುಗೋ ಹಾಗಿಲ್ಲ."

ಓರಿನ್‌ರ ಮುಖ ಬಾಡಿತು. "ಹೋಯ್ತಾ ಕೆಲಸ?"

"ಇಲ್ಲ," ಎಂದಳು ಕೊರೀನ್. "ನಡ್ಕೊಂಡು ಹೋಗ್ತೀನಿ."